ದೂರವೈದ್ಯ ಮತ್ತು ರಕ್ತರೋಗಿ
(ಕನ್ನಡ ಕೂಟದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ರಕ್ತರೋಗಗಳಲ್ಲಿ ಹಲವು ಬಾಳಿನುದ್ದಕ್ಕೂ ಜೊತೆಗಿರುವಂಥವು. ಅವುಗಳ ತಜ್ಞರಾದರೋ ಬಹುಮಟ್ಟಿಗೆ ದೊಡ್ಡ ನಗರಗಳಲ್ಲಿಯೇ ಇರುತ್ತಾರೆ. ಈ ಅಂತರವನ್ನು ದೂರವೈದ್ಯ, ಅಂದರೆ ಟೆಲಿಮೆಡಿಸಿನ್, ಎಷ್ಟರಮಟ್ಟಿಗೆ ತುಂಬಬಲ್ಲದು ಎಂಬುದನ್ನು ಸಿಕಲ್ ಸೆಲ್ ಕಾಯಿಲೆಯ ನಿದರ್ಶನದಿಂದ ಹೇಳಬಯಸುತ್ತೇನೆ.

ತಾಯಿ ತಂದೆ ಇಬ್ಬರಿಂದಲೂ ದೋಷಯುಕ್ತ ವಂಶವಾಹಿ ಬಂದಾಗ ಮಗುವಿನ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸೂಕ್ಷ್ಮ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅದರಿಂದ ತೀವ್ರ ನೋವು, ರಕ್ತಹೀನತೆ, ಅಂಗಾಂಗಗಳ ಹಾನಿ ಉಂಟಾಗುತ್ತವೆ. ಅಮೆರಿಕದಲ್ಲಿ ಸುಮಾರು 1,00,000 ಜನರಿಗೆ ಈ ರೋಗವಿದೆ. ಹೆಚ್ಚಿನವರು ಆಫ್ರಿಕನ್ ಮೂಲದವರು. ನಮ್ಮ ಮೈಸೂರು, ಚಾಮರಾಜನಗರ ಸೀಮೆಯ ಗಿರಿಜನರಲ್ಲಿಯೂ ಇದು ಕಂಡುಬರುತ್ತದೆ.

1998ರಲ್ಲಿ ವಯಸ್ಕ ರೋಗಿಗಳಿಗಾಗಿ ಇಲ್ಲಿ ಅನುಮೋದನೆ ಪಡೆದ ಹೈಡ್ರಾಕ್ಸಿಯೂರಿಯಾ ಔಷಧವು ನೋವಿನ ಮರುಕಳಿಕೆಯನ್ನು ಕಡಿಮೆ ಮಾಡುತ್ತದೆ. ಆದರೆ ಬಿಳಿ ರಕ್ತಕಣಗಳು ಮಿತಿಮೀರಿ ಇಳಿಯದಂತೆ ಆಗಾಗ ಪರೀಕ್ಷಿಸಿ ಅದರ ಪ್ರಮಾಣವನ್ನು ಹೊಂದಿಸಬೇಕು. ಇಲ್ಲಿಯೇ ದೂರವೈದ್ಯದ ನಿಜವಾದ ಉಪಯೋಗ. ರೋಗಿ ತನ್ನ ಊರಿನಲ್ಲಿಯೇ ರಕ್ತ ಕೊಟ್ಟರೆ, ತಜ್ಞರು ವರದಿ ನೋಡಿ, ಪರದೆಯ ಮೇಲೆ ಮಾತನಾಡಿ, ಔಷಧವನ್ನು ಬದಲಿಸಬಲ್ಲರು. ದಣಿವು, ಚಳಿ, ನೀರಡಿಕೆಗಳೇ ನೋವನ್ನು ಕೆರಳಿಸಬಹುದಾದ ಈ ರೋಗದಲ್ಲಿ ಒಂದು ದೀರ್ಘ ಪ್ರಯಾಣ ತಪ್ಪುವುದು ಸಣ್ಣ ಲಾಭವಲ್ಲ.

ಆದರೆ ಪರದೆಗೆ ಕೈಗಳಿಲ್ಲ. ಈ ಮಕ್ಕಳ ಗುಲ್ಮ ಎಳವೆಯಲ್ಲಿಯೇ ಶಕ್ತಿಗುಂದುವುದರಿಂದ ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗಬಹುದು. ಜ್ವರ 101.3 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ವಿಡಿಯೋ ಭೇಟಿಗಾಗಿ ಕಾಯುವಂತಿಲ್ಲ, ಆಸ್ಪತ್ರೆಗೇ ಧಾವಿಸಬೇಕು. ಕೆಲವೊಮ್ಮೆ ರಕ್ತ ಗುಲ್ಮದಲ್ಲಿ ತುಂಬಿಕೊಂಡು ಮಗು ಹಠಾತ್ತನೆ ಬಿಳಿಚಿಕೊಳ್ಳುತ್ತದೆ. ಎಡಪಕ್ಕೆಯ ಕೆಳಗೆ ಕೈಯಿಟ್ಟು ಗುಲ್ಮ ಊದಿದೆಯೇ ಎಂದು ನೋಡುವುದನ್ನು ನಾವು ತಾಯಂದಿರಿಗೇ ಕಲಿಸುತ್ತೇವೆ. ಆ ತಾಯಿಯ ಕೈಗೆ ಯಾವ ಯಂತ್ರವೂ ಸಾಟಿಯಲ್ಲ.

ದೂರವೈದ್ಯ ನಮ್ಮ ನಾಡಿಗೂ ಹೊಸದಲ್ಲ. 2002ರಷ್ಟು ಹಿಂದೆಯೇ ಇಸ್ರೋ ಸಂಸ್ಥೆಯು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಅಲ್ಲಿಯೂ ರೋಗಿಯ ಪಕ್ಕದಲ್ಲಿ ಸ್ಥಳೀಯ ವೈದ್ಯರಿದ್ದರೆಂಬುದನ್ನು ಗಮನಿಸಬೇಕು.

ಇದರಿಂದ ನಾವು ಕಲಿಯಬೇಕಾದುದೂ ಉಂಟು. ಊರಿನಲ್ಲಿರುವ ತಂದೆತಾಯಿಯರ ರಕ್ತಪರೀಕ್ಷೆಯ ವರದಿಯನ್ನು ಫೋನಿನಲ್ಲಿ ತರಿಸಿಕೊಂಡು, ಇಲ್ಲಿನ ಪರಿಚಿತ ವೈದ್ಯರಿಗೆ ತೋರಿಸಿ, "ಏನು ಮಾತ್ರೆ ಕೊಡೋಣ?" ಎಂದು ಕೇಳುವ ರೂಢಿ ನಮ್ಮಲ್ಲಿದೆ. ವೃದ್ಧರಲ್ಲಿ ಹಿಮೋಗ್ಲೋಬಿನ್ ಇಳಿಯುವುದು ಕರುಳಿನಲ್ಲಿನ ರಕ್ತಸ್ರಾವದ ಸೂಚನೆಯಾಗಿರಬಹುದು. ಕಬ್ಬಿಣಾಂಶದ ಮಾತ್ರೆಯಿಂದ ಅಂಕಿ ಏರಬಹುದು. ಆದರೆ ಒಳಗಿನ ಹುಣ್ಣೋ ಗಡ್ಡೆಯೋ ಹಾಗೆಯೇ ಉಳಿದೀತು. ಆದ್ದರಿಂದ ಅವರನ್ನು ಮುಟ್ಟಿ ನೋಡಬಲ್ಲ ಒಬ್ಬ ವೈದ್ಯರನ್ನು ಅಲ್ಲಿಯೇ ಗೊತ್ತುಮಾಡಿರಿ. ನಮ್ಮ ಸಲಹೆ ಆ ವೈದ್ಯರ ಕೈಯನ್ನು ಬಲಪಡಿಸಲಿ, ಅವರ ಸ್ಥಾನವನ್ನು ಆಕ್ರಮಿಸದಿರಲಿ.