ಶೀಟಿನ ಮನೆಯ ತಾಪಮಾನ

ನಗರ ಮತ್ತು ಹವಾಮಾನವನ್ನು ಕುರಿತ ಈ ಪ್ರದರ್ಶನದಲ್ಲಿ ಕೆರೆ, ಸಾರಿಗೆ, ಕಸ, ಇಂಧನ ಎಲ್ಲಕ್ಕೂ ನಕ್ಷೆಗಳಿದ್ದು, ಅವನ್ನು ವಿವರಿಸಬಲ್ಲವರು ಆಯಾ ಮಳಿಗೆಗಳಲ್ಲೇ ಇರುವುದರಿಂದ, ಉದ್ಘಾಟನೆಯ ಈ ಮಾತು ಶೀಟಿನ ಮನೆಯೊಳಗಿನ ಸೆಕೆಯೆಂಬ ಒಂದೇ ವಿಷಯಕ್ಕೆ ಮೀಸಲಾಗಿದೆ.

ಬೆಂಗಳೂರು 2023ರ ನವೆಂಬರಿನಲ್ಲಿ ತನ್ನ ಹವಾಮಾನ ಕ್ರಿಯಾ ಯೋಜನೆಯನ್ನು ಪ್ರಕಟಿಸಿ, 2050ರ ವೇಳೆಗೆ ನಿವ್ವಳ ಶೂನ್ಯವನ್ನು, ಎಂದರೆ ಹೊರಬಿಡುವ ಹಸಿರುಮನೆ ಅನಿಲಕ್ಕೂ ಹೀರಿಕೊಳ್ಳುವ ಅನಿಲಕ್ಕೂ ಲೆಕ್ಕ ಸರಿಹೋಗುವ ಸ್ಥಿತಿಯನ್ನು, ಗುರಿಯಾಗಿಸಿಕೊಂಡಿತು. ಗುರಿ ಸ್ವಾಗತಾರ್ಹ. ಆದರೆ ಹವಾಮಾನ ನ್ಯಾಯ, ಅಂದರೆ ಬಿಸಿಲು ಮಳೆಗಳ ಹೊರೆ ಯಾರ ಮೇಲೆ ಎಷ್ಟು ಬೀಳುತ್ತದೆ ಮತ್ತು ರಕ್ಷಣೆಯ ಹಣ ಮೊದಲು ಯಾರನ್ನು ತಲುಪುತ್ತದೆ ಎಂಬ ಪ್ರಶ್ನೆ, ಬಹುಮಟ್ಟಿಗೆ ಅಳತೆಯ ಹಂತದಲ್ಲಿಯೇ ತೀರ್ಮಾನವಾಗಿಬಿಡುತ್ತದೆ.

ಭಾರತೀಯ ಹವಾಮಾನ ಇಲಾಖೆಯ ಮಾನದಂಡದಂತೆ ಬಯಲುಸೀಮೆಯ ಮಾಪನ ಕೇಂದ್ರದಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಸೆಲ್ಸಿಯಸ್ ಮುಟ್ಟದ ಹೊರತು ಬಿಸಿಗಾಳಿಯ ಪರಿಗಣನೆಯೇ ಇಲ್ಲ. ಬೆಂಗಳೂರು ನಗರ ಕೇಂದ್ರದಲ್ಲಿ 2016ರ ಏಪ್ರಿಲಿನಲ್ಲಿ ದಾಖಲೆಯಾದ ತಾಪವೋ 39.2 ಡಿಗ್ರಿ. ಅದೂ ಗಾಳಿಯಾಡುವ ಬಿಳಿಯ ಪೆಟ್ಟಿಗೆಯೊಳಗೆ, ನೆರಳಿನಲ್ಲಿಟ್ಟ ತಾಪಮಾಪಕದ ಲೆಕ್ಕ. ರಾಯಚೂರು, ಯಾದಗಿರಿ, ಕಲಬುರಗಿಗಳ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ಖಾಲಿ ಜಾಗಗಳಲ್ಲಿ ಬಾಡಿಗೆ ತೆತ್ತು ಬದುಕುವ ಶೆಡ್ಡುಗಳಿಗೆ ಆ ನೆರಳೂ ಇಲ್ಲ, ಆ ಗಾಳಿಯೂ ಇಲ್ಲ. ಅಲ್ಲಿ ಹಗಲೆಲ್ಲ ಕಾದ ಶೀಟು ಕೆಳಗಿನವರ ಮೇಲೆ ಕಾವು ಸುರಿಸುತ್ತದೆ, ಒಂದೇ ಕೋಣೆಯಲ್ಲಿ ಉರಿಯುವ ಒಲೆಯ ಬಿಸಿ ಅದಕ್ಕೆ ಕೂಡುತ್ತದೆ, ಬಿಸಿಲಿನಲ್ಲಿ ದುಡಿದು ಬಂದ ದೇಹ ರಾತ್ರಿಯೂ ತಣಿಯದೆ ಬೆಳಿಗ್ಗೆ ಮತ್ತೆ ಕೆಲಸಕ್ಕೆ ಏಳುತ್ತದೆ. ಹಸುಗೂಸು, ಬಸುರಿ, ಮುದುಕರು ಹಗಲನ್ನೂ ಅದೇ ಶೀಟಿನಡಿ ಕಳೆಯಬೇಕು. 1973ರ ರಾಜ್ಯ ಕಾಯ್ದೆಯಡಿ ಕೊಳೆಗೇರಿಯೆಂದು ಘೋಷಣೆಯಾಗದ ಇಂತಹ ನೆಲೆಗಳು ಸರ್ಕಾರಿ ಪಟ್ಟಿಗಳಿಂದಲೇ ಹೊರಗುಳಿಯುವುದರಿಂದ, ಪಟ್ಟಿಗಳನ್ನು ಆಧರಿಸಿದ ನಕ್ಷೆಗಳಲ್ಲಿಯೂ ಅವು ಕಾಣುವುದಿಲ್ಲ.

ಅಳತೆ ಬದಲಾದರೆ ಆಡಳಿತವೂ ಬದಲಾಗುತ್ತದೆ ಎಂಬುದಕ್ಕೆ ಅಹಮದಾಬಾದಿನ ನಿದರ್ಶನವಿದೆ. 2010ರ ಮೇ ತಿಂಗಳಲ್ಲಿ ಅಲ್ಲಿ ತಾಪ 46.8 ಡಿಗ್ರಿಗೆ ಏರಿತ್ತು. ಆ ತಿಂಗಳ ಒಟ್ಟು ಸಾವುಗಳನ್ನು ಅಕ್ಕಪಕ್ಕದ ವರ್ಷಗಳೊಡನೆ ಹೋಲಿಸಿದಾಗ 1,344 ಮಂದಿ ಹೆಚ್ಚಾಗಿ ತೀರಿಕೊಂಡದ್ದು ಸಂಶೋಧಕರಿಗೆ ತಿಳಿದುಬಂದಿತು. 2013ರಲ್ಲಿ ಆ ನಗರ ಬಿಸಿಲಿಗೆಂದೇ ಪ್ರತ್ಯೇಕ ಕ್ರಿಯಾ ಯೋಜನೆಯನ್ನು ರೂಪಿಸಿತು. ಮುಂದೆ ಬಡವರ ಮನೆಗಳ ಮಾಡಿಗೆ ಬಿಸಿಲನ್ನು ಹಿಂದಕ್ಕೆ ಚೆಲ್ಲುವ ಬಿಳಿ ಬಣ್ಣ ಬಳಿಯುವ ಕೆಲಸವೂ ಅಲ್ಲಿ ನಡೆಯಿತು.

ಬೆಂಗಳೂರಿನಲ್ಲಿ ಮಾಡಿಗೆ ಬಣ್ಣ ಬಳಿದರಷ್ಟೇ ಸಾಲದು, ಏಕೆಂದರೆ ನಾಳೆ ತೆರವಾಗಬಹುದಾದ ಶೆಡ್ಡಿಗೆ ಬಾಡಿಗೆದಾರನೂ ಖರ್ಚು ಮಾಡಲಾರ, ಜಾಗದ ಒಡೆಯನೂ ಮಾಡಲಾರ. ಪ್ರತಿ ವಾರ್ಡಿನಲ್ಲಿಯೂ ಘೋಷಿತ, ಅಘೋಷಿತ ಎಂಬ ಭೇದವಿಲ್ಲದೆ ಶೀಟಿನ ಮನೆಗಳನ್ನು ಎಣಿಸಿ, ಅವುಗಳ ಒಳಗಿನ ತಾಪವನ್ನು ಹಗಲೂ ರಾತ್ರಿಯೂ ಅಳೆದು, ಅಲ್ಲಿನ ನಿವಾಸಿಗಳನ್ನು ವಾರ್ಡ್ ಸಮಿತಿಯ ಸಭೆಗೆ ಕರೆದು, ಬೇಸಿಗೆಯ ತಿಂಗಳುಗಳಲ್ಲಿ ತೆರವು ನಡೆಸುವುದಿಲ್ಲವೆಂದು ಲಿಖಿತವಾಗಿ ಒಪ್ಪಿಕೊಳ್ಳುವುದು ನಗರಾಡಳಿತದ ಕರ್ತವ್ಯ. ಆ ಎಣಿಕೆ ಬರುವ ಬೇಸಿಗೆಗೆ ಮೊದಲೇ ಆರಂಭವಾಗಬೇಕೆಂಬ ಆಗ್ರಹದೊಡನೆ ಈ ಪ್ರದರ್ಶನವನ್ನು ಸಾರ್ವಜನಿಕರಿಗೆ ತೆರೆಯಲಾಗಿದೆ.