ಒಂದೇ ನೀರಿನಲ್ಲಿ ಬೆಳೆಯೂ ಸಿಗಡಿಯೂ



ರಾಜ್ಯೋತ್ಸವದ ಸಭೆಯಲ್ಲಿ ನುಡಿಯ ಮಾತು, ನಾಡಿನ ಮಾತು ಬರುವುದು ಸಹಜ. ನಾವಾದರೋ ಇಂದು ಸಿಗಡಿಯ ಮಾತನ್ನೆತ್ತುತ್ತಿದ್ದೇವೆ. ಮುಂಬ್ರಾದ ಖಾಡಿಯ ಮಗ್ಗುಲಲ್ಲಿ ಸಂಸಾರ ಹೂಡಿರುವ ನಮಗೆ ಇದೇನೂ ದೂರದ ವಿಷಯವಲ್ಲ. ಇಲ್ಲಿನ ಕೋಳಂಬಿಯೇ ಕುಮಟೆಯವರ ಶೆಟ್ಲಿ, ಮಂಗಳೂರಿನವರ ಎಟ್ಟಿ. ಹೆಸರು ಮೂರಾದರೂ ಜೀವ ಒಂದೇ.

ಸಿಗಡಿ ಸಾಕಿದ ತೊಟ್ಟಿಯ ನೀರಿನಲ್ಲಿಯೇ ಟೊಮೆಟೊ ಬೆಳೆಯುವ ವಿಧಾನವೊಂದು ಈಗ ಉಂಟು. ಅದರ ತತ್ತ್ವ ಸರಳವಾದುದು. ಸಿಗಡಿಯ ಹೊಲಸಿನಿಂದಲೂ ತಿಂದುಳಿದ ಮೇವಿನಿಂದಲೂ ನೀರಿಗೆ ಅಮೋನಿಯಾ ಸೇರುತ್ತದೆ. ಅದು ಸಿಗಡಿಗೆ ವಿಷ. ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟಾಗಿ, ಬಳಿಕ ನೈಟ್ರೇಟಾಗಿ ಮಾರ್ಪಡಿಸುತ್ತವೆ. ನೈಟ್ರೇಟು ಗಿಡಕ್ಕೆ ಗೊಬ್ಬರ. ಗಿಡ ಅದನ್ನು ಹೀರಿಕೊಂಡ ಮೇಲೆ ನೀರು ಪುನಃ ತೊಟ್ಟಿಗೆ ಹರಿಯುತ್ತದೆ.

ತೊಡಕಿರುವುದು ಉಪ್ಪಿನಲ್ಲಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪುಂಟು. ಟೊಮೆಟೊ ಗಿಡವಾದರೋ 2 ಗ್ರಾಂ ಸಮೀಪಿಸಿತೆಂದರೆ ಇಳುವರಿ ಇಳಿಸತೊಡಗುತ್ತದೆ. ಆದುದರಿಂದ ಸಪ್ಪೆ ನೀರಿಗೂ ಒಗ್ಗಬಲ್ಲ ವನಾಮಿ ಸಿಗಡಿಯನ್ನು ಇದಕ್ಕೆ ಆರಿಸುತ್ತಾರೆ. ಅಮೆರಿಕದ ಪಶ್ಚಿಮ ಕರಾವಳಿಯ ಈ ಸಿಗಡಿಯ ಸಾಕಣೆಗೆ ನಮ್ಮ ದೇಶದಲ್ಲಿ ಅನುಮತಿ ದೊರೆತುದು 2009ರಲ್ಲಿ. ಎಲ್ಲವೂ ವಿದ್ಯುತ್ತಿನ ಮೇಲೆ ನಿಂತಿದೆ. ಗಾಳಿಯೂದುವ ಯಂತ್ರ ನಿಂತರೆ ತೊಟ್ಟಿ ತುಂಬ ಸಾಕಿದ ಸಿಗಡಿ ಕೆಲವೇ ತಾಸುಗಳಲ್ಲಿ ಉಸಿರುಕಟ್ಟಿ ಸಾಯಬಹುದು.

ಪಂಪೂ ತಂತಿಯೂ ಇಲ್ಲದೆ ಇದೇ ಬಗೆಯ ಕೆಲಸವನ್ನು ನಮ್ಮ ಹಿರಿಯರು ಕುಮಟಾ ತಾಲೂಕಿನ ಅಘನಾಶಿನಿಯ ಅಳಿವೆಯಲ್ಲಿ ನಡೆಸಿಕೊಂಡು ಬಂದರು. ಅಲ್ಲಿನ ಗಜನಿ ಭೂಮಿಯಲ್ಲಿ ಮಳೆಗಾಲಕ್ಕೆ ಕಗ್ಗ ಎಂಬ ಭತ್ತ. ಕೊಯ್ಲಾದ ಮೇಲೆ ಉಬ್ಬರದೊಡನೆ ಒಳಬರುವ ಮೀನು, ಸಿಗಡಿ. ಮಳೆಯೇ ಉಪ್ಪನ್ನು ತೊಳೆಯುವ ಯಂತ್ರ. ಕಗ್ಗ ಉಪ್ಪನ್ನೂ ತಾಳುತ್ತದೆ, ನೆರೆಯನ್ನೂ ತಾಳುತ್ತದೆ, ಗೊಬ್ಬರ ಬೇಡುವುದಿಲ್ಲ. ಗದ್ದೆಯಲ್ಲಿ ಉಳಿದ ಹುಲ್ಲು ಕೊಳೆತು ಮೀನಿನ ಆಹಾರ. ಮೀನು, ಸಿಗಡಿಗಳ ಕಸ ಮುಂದಿನ ಪೈರಿನ ಸಾರ.

ಇದಕ್ಕೆಲ್ಲ ಆಧಾರ ಒಡ್ಡು. ಮಣ್ಣಿನ ಒಡ್ಡನ್ನು ಊರವರೇ ಕೂಡಿ ಕಟ್ಟುತ್ತಿದ್ದರು. 1970ರ ದಶಕದಲ್ಲಿ ಸರಕಾರ ಕಲ್ಲಿನ ಕಾಯಂ ಒಡ್ಡು ಕಟ್ಟಿಸಿತು. ಆಮೇಲಿನ ವರ್ಷಗಳಲ್ಲಿ ಸಿಗಡಿಯ ಬೆಲೆ ಏರಿತು. ಅನೇಕ ಗಜನಿಗಳಲ್ಲಿ ವರ್ಷವಿಡೀ ಉಪ್ಪುನೀರೇ ನಿಂತಿತು, ಭತ್ತ ಹಿಂದೆಗೆಯಿತು. 1994ರ ಸುಮಾರಿಗೆ ಬಿಳಿಚುಕ್ಕೆ ರೋಗ ಬಂದು ದೇಶದ ಸಿಗಡಿ ಕೃಷಿಗೆ ಭಾರಿ ಪೆಟ್ಟು ಕೊಟ್ಟಿತು. ಸಾಂಪ್ರದಾಯಿಕ ಕ್ರಮವನ್ನುಳಿದು ಕರಾವಳಿ ನಿಯಂತ್ರಣ ವಲಯದ ಸಿಗಡಿ ಕೊಳಗಳನ್ನು ತೆಗೆಯಬೇಕೆಂದು ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಇಷ್ಟಾದರೂ ಮಾಣಿಕಟ್ಟಾದ ರೈತರು ಕಗ್ಗವನ್ನು ಕೈಬಿಡಲಿಲ್ಲ. 2024ರಲ್ಲಿ ಅಘನಾಶಿನಿಯ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು.

ಇದು ಮುಂಬ್ರಾದಲ್ಲಿರುವವರಿಗೆ ಏಕೆ ಬೇಕು? ಹೇಳುತ್ತೇವೆ. ಗಜನಿಯಲ್ಲಿ ಒಬ್ಬನ ಪಾಲಿಗೆ ಬೇರೆ ನೀರು, ಇನ್ನೊಬ್ಬನ ಪಾಲಿಗೆ ಬೇರೆ ನೀರು ಎಂಬುದಿಲ್ಲ. ಮಳೆಗಾಲದಲ್ಲಿ ತೂಬು ತೆರೆದು ಉಪ್ಪುನೀರು ಬಿಟ್ಟರೆ ಭತ್ತ ಬಿತ್ತಿದವನ ಗದ್ದೆಯೂ ಕೆಡುತ್ತದೆ. ಪಾಲುಗಾರರು ನಗರ ಸೇರಿ, ಹೆಚ್ಚು ಹಣ ಕೊಡುವ ಗುತ್ತಿಗೆದಾರನಿಗೇ ಆಗಲಿ ಎಂದು ಕಾಗದ ಬರೆದುಬಿಟ್ಟರೆ, ಊರಲ್ಲುಳಿದು ಉಳುವವನ ಮಾತು ನಿಲ್ಲುವುದು ಹೇಗೆ? ಬೀಜದ ಸಂಗತಿಯೂ ಹಾಗೆಯೇ. ಮತ್ತೆ ಮತ್ತೆ ಬಿತ್ತಿದರೆ ಮಾತ್ರ ಅದು ಉಳಿಯುತ್ತದೆ. ಕಣಜದಲ್ಲಿಟ್ಟು ಮರೆತರೆ ಮೊಳಕೆಯ ಶಕ್ತಿಯೇ ಹೋಗುತ್ತದೆ.

ಗುತ್ತಿಗೆಯೇ ಬೇಡವೆಂದು ನಾವು ಹೇಳುವುದಿಲ್ಲ. ಊರಲ್ಲಿ ಗಜನಿಯ ಪಾಲುಳ್ಳವರು ಸಹಿ ಹಾಕುವ ಮೊದಲು ಒಂದು ಕರಾರು ಕೇಳಲಿ: ಬಿತ್ತನೆಯಿಂದ ಕೊಯ್ಲಿನವರೆಗೆ ಉಪ್ಪುನೀರು ಒಳಗೆ ಬರಕೂಡದು. ಆ ಮೇಲೆ ಸಿಗಡಿ ಧಾರಾಳವಾಗಿ ಬರಲಿ. ಗಜನಿಯಿಲ್ಲದ ನಾವು, ಊರಿಗೆ ಹೋದಾಗ ನಾಲ್ಕು ಸೇರು ಕಗ್ಗದ ಕೆಂಪಕ್ಕಿ ಕೊಂಡುತರಬಹುದು.

1956ರ ತನಕ ಕುಮಟೆಯೂ ಠಾಣೆಯೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಆ ಮೇಲೆ ಗಡಿ ಬೇರೆಯಾಯಿತು. ಎರಡು ಕಡೆಯ ಅಳಿವೆಗಳಿಗೂ ಉಬ್ಬರ ತರುವ ಕಡಲು ಒಂದೇ ಆಗಿ ಉಳಿಯಿತು. ಆ ಕಡಲಿನೊಡನೆ ಒಪ್ಪಂದ ಮಾಡಿಕೊಂಡು ಬಾಳಿದವರ ಜಾಣ್ಮೆ ನಮ್ಮ ಕಾಲದಲ್ಲಿ ಮುಗಿಯದಿರಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.