ಔಷಧಿಗೆ ಒಡೆಯರಾರು?

(ಗಿರಣಿ ಕಾರ್ಮಿಕರ ಮತ್ತು ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಒಬ್ಬನು ಹೊಸ ಬಗೆಯ ಮಗ್ಗವನ್ನು ಕಂಡುಹಿಡಿದರೆ ಅದರ ಮೇಲೆ ಕೆಲವು ಕಾಲ ಅವನಿಗೆ ಹಕ್ಕಿರಲಿ, ಒಪ್ಪೋಣ. ಆದರೆ ಪಂಚೆಯೇ ತನ್ನದು, ಬೇರೆ ಯಾವ ಮಗ್ಗದಲ್ಲಿಯೂ ಯಾರೂ ಪಂಚೆ ನೇಯಕೂಡದು ಎಂದರೆ ನಾವು ಒಪ್ಪುವೆವೇ? ಔಷಧಿಯ ಪೇಟೆಂಟಿನ ಜಗಳವೂ ಇದೇ.

ಬ್ರಿಟಿಷರ 1911ರ ಕಾಯಿದೆ ಪಂಚೆಯನ್ನೇ ಒಡೆಯನಿಗೆ ಬರೆದುಕೊಟ್ಟಿತ್ತು. ಅದರ ಫಲವೇನೆಂಬುದನ್ನು ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರು 1959ರ ವರದಿಯಲ್ಲಿ ಬಿಚ್ಚಿ ತೋರಿಸಿದರು. ಪೇಟೆಂಟುಗಳಲ್ಲಿ ಬಹುಪಾಲು ವಿದೇಶೀಯರವು. ಅವುಗಳಲ್ಲಿ ಹೆಚ್ಚಿನವು ಇಲ್ಲಿ ಮಾಲು ತಯಾರಿಸುವುದಕ್ಕಲ್ಲ, ಪೇಟೆಯನ್ನು ಹಿಡಿದಿಟ್ಟುಕೊಳ್ಳುವುದಕ್ಕೆ!

ಆ ವರದಿಯ ತಳಹದಿಯ ಮೇಲೆ 1970ರ ಕಾಯಿದೆ ಬಂದಿತು. ಔಷಧಿಗೆ ಪೇಟೆಂಟಿಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ. ಅದೂ ಹೆಚ್ಚೆಂದರೆ 7 ವರ್ಷ. ಬೇರೆ ವಿಧಾನ ಕಂಡುಕೊಂಡು ನಮ್ಮ ಕಾರ್ಖಾನೆಗಳು ಅಗ್ಗದ ಔಷಧಿ ತಯಾರಿಸಿದವು. ವರ್ಷಕ್ಕೆ 10,000 ಡಾಲರಿಗೂ ಮೇಲಿದ್ದ ಏಡ್ಸ್ ಚಿಕಿತ್ಸೆಯ ಔಷಧಿಗಳನ್ನು 2001ರಲ್ಲಿ ಮುಂಬಯಿಯ ಸಿಪ್ಲಾ 350 ಡಾಲರಿಗೆ ಕೊಡಲು ಮುಂದೆ ಬಂದಿತು. ಆಫ್ರಿಕದ ಬಡವರಿಗೂ ಬದುಕುವ ದಾರಿ ತೆರೆಯಿತು.

ಆದರೆ ವಿಶ್ವ ವ್ಯಾಪಾರ ಸಂಸ್ಥೆಯ ಕರಾರಿಗೆ ಕಟ್ಟುಬಿದ್ದು, 2005ರಲ್ಲಿ ಔಷಧಿಗೇ ಪೇಟೆಂಟ್ ಕೊಡುವ ಪದ್ಧತಿ ಮರಳಿ ಬಂದಿತು. ಅವಧಿ 20 ವರ್ಷ.

ಆದರೂ ನಮ್ಮ ಕೈಗಳನ್ನು ಪೂರಾ ಕಟ್ಟಿಲ್ಲ. ಬೇಯರ್ ಕಂಪನಿಯ ಒಂದು ಕ್ಯಾನ್ಸರ್ ಔಷಧಿಯ ಬೆಲೆ ತಿಂಗಳಿಗೆ ಸುಮಾರು 2,80,000 ರೂಪಾಯಿ ಇತ್ತು. ಯಾವ ಕೂಲಿಯವನ ಸಂಬಳ, ಯಾವ ಅಂಗಡಿಕಾರನ ಬಂಡವಳ ಇದಕ್ಕೆ ಸಾಕಾದೀತು? 2012ರಲ್ಲಿ ಹೈದರಾಬಾದಿನ ನಾಟ್ಕೋಗೆ ಕಡ್ಡಾಯ ಪರವಾನಗಿ ಕೊಡಲಾಯಿತು. ಅದರ ಔಷಧಿಯ ಬೆಲೆ 9,000ಕ್ಕಿಂತ ಕೆಳಗೆ! ಸಂಶೋಧನೆಗೆ ಹಣ ಹಾಕಿದವರ ಗತಿಯೇನೆಂದು ಕೆಲವರು ಕೇಳುತ್ತಾರೆ. ಬೇಯರಿಗೆ ಮಾರಾಟದ ಮೇಲೆ ನೂರಕ್ಕೆ 6ರಂತೆ ರಾಯಲ್ಟಿ ಕೊಡಬೇಕೆಂದು ಆ ಆಜ್ಞೆಯಲ್ಲಿಯೇ ಇತ್ತು. ಪುಕ್ಕಟೆಯಾಗಿ ಯಾರೂ ಕೇಳಲಿಲ್ಲ.

ಇನ್ನೊಂದು ದಾರಿಯೂ ಇದೆ. ಪೇಟೆಂಟ್ ಕೊಡುವ ಮುನ್ನ ಯಾರು ಬೇಕಾದರೂ ತಕರಾರು ಸಲ್ಲಿಸಬಹುದು. ಕ್ಷಯರೋಗದಿಂದ ಬದುಕಿ ಉಳಿದ ಇಬ್ಬರು ಹೆಂಗಸರು, ಒಬ್ಬರು ಭಾರತದವರು, ಒಬ್ಬರು ದಕ್ಷಿಣ ಆಫ್ರಿಕದವರು, 2019ರಲ್ಲಿ ಹಾಗೆಯೇ ಮಾಡಿದರು. ಬೆಡಾಕ್ವಿಲಿನ್ ಎಂಬ ಕ್ಷಯದ ಔಷಧಿಯ ಏಕಸ್ವಾಮ್ಯವನ್ನು 2027ರ ತನಕ ಎಳೆಯಲು ಕಂಪನಿ ಹಾಕಿದ್ದ ಅರ್ಜಿಯನ್ನು 2023ರ ಮಾರ್ಚಿನಲ್ಲಿ ಪೇಟೆಂಟ್ ಕಚೇರಿ ತಳ್ಳಿಹಾಕಿತು.

ಇಬ್ಬರಿಂದ ಇಷ್ಟಾದರೆ ಸಂಘಗಳಿಂದ ಎಷ್ಟಾಗದು? ಕಡ್ಡಾಯ ಪರವಾನಗಿ, ತಕರಾರಿನ ಹಕ್ಕು ಈ ಎರಡನ್ನೂ ಯಾವ ವ್ಯಾಪಾರ ಒಪ್ಪಂದಕ್ಕೂ ಬಿಟ್ಟುಕೊಡಕೂಡದೆಂದು ಪ್ರತಿಯೊಂದು ಸಂಘವೂ ಗೊತ್ತುವಳಿ ಮಾಡಿ ಸರ್ಕಾರಕ್ಕೆ ಕಳುಹಿಸಲಿ. ಇದು ನಮ್ಮ ಮನೆಯ ಕಾಯಿಲೆಯ ಪ್ರಶ್ನೆ.